ದೀಪ ಉರಿಯುತ್ತಿದೆ, ಡೇಟಾ ಮಾತ್ರ ಬರುತ್ತಿಲ್ಲ: ಎಲ್‌ಇಡಿ ಬೆಳಕಿನ ಲಿಂಕ್‌ನಲ್ಲಿ ದೋಷ ಹುಡುಕುವ ಬಗೆ

ಎಲ್‌ಇಡಿ ಬೆಳಕಿನಲ್ಲಿ ಡೇಟಾ ಕಳಿಸುವ ಲಿಂಕ್ ಕೈಕೊಟ್ಟಾಗ ಎಲ್ಲರೂ ಮೊದಲು ನೋಡುವುದು ದೀಪವನ್ನು. ದೀಪ ಉರಿಯುತ್ತಿದೆ. ಹಾಗಾದರೆ ಕಳಿಸುವ ಕಡೆ ಎಲ್ಲ ಸರಿ ಇದೆ ಅಂದುಕೊಂಡು ಕೋಡ್ ತೆರೆದು ಕೂರುತ್ತಾರೆ. ಅರ್ಧ ದಿನ ಅಲ್ಲೇ ಕಳೆದುಹೋಗುತ್ತದೆ.

ದೀಪ ಉರಿಯುವುದರಿಂದ ಏನೂ ಸಾಬೀತಾಗುವುದಿಲ್ಲ. ಸೆಕೆಂಡಿಗೆ 200 ಸಲಕ್ಕಿಂತ ಜೋರಾಗಿ ಮಿನುಗುವ ದೀಪ ನಮ್ಮ ಕಣ್ಣಿಗೆ ಒಂದೇ ಸಮ ಉರಿಯುವ ದೀಪದ ಹಾಗೇ ಕಾಣುತ್ತದೆ. 2011ರಲ್ಲಿ ಬಂದ, ಬೆಳಕಿನಲ್ಲಿ ಡೇಟಾ ಕಳಿಸಲು ಐಇಇಇ (ಎಂಜಿನಿಯರ್‌ಗಳ ಸಂಸ್ಥೆ) ರೂಪಿಸಿದ 802.15.7 ಮಾನದಂಡ ಇದನ್ನೇ ಬಯಸುತ್ತದೆ: ಬೆಳಕಿನ ಏರಿಳಿತ 5 ಮಿಲಿಸೆಕೆಂಡ್ ಒಳಗೇ ಮುಗಿಯಬೇಕು, ಯಾರ ಕಣ್ಣಿಗೂ ಬೀಳಬಾರದು. ಅಂದರೆ ಸಿಗ್ನಲ್ ಸರಿಯಾಗಿ ಹೋಗುತ್ತಿದ್ದರೂ ದೀಪ ಹಾಗೇ ಕಾಣುತ್ತದೆ, ಸಿಗ್ನಲ್ ಸತ್ತಿದ್ದರೂ ಹಾಗೇ ಕಾಣುತ್ತದೆ. ಈ ಕೆಲಸದಲ್ಲಿ ಕಣ್ಣನ್ನು ಪಕ್ಕಕ್ಕಿಟ್ಟು, ದೀಪಕ್ಕೂ ಸೆನ್ಸರ್‌ಗೂ ನಡುವೆ ಇರುವ ಖಾಲಿ ಜಾಗದಿಂದಲೇ ಹುಡುಕಾಟ ಶುರು ಮಾಡುವುದು ಒಳ್ಳೆಯದು. ಲಿಂಕನ್ನು ಎರಡು ಭಾಗ ಮಾಡಲು ಅದಕ್ಕಿಂತ ಸುಲಭದ ಜಾಗ ಇಲ್ಲ.

ಇಲ್ಲಿ ಬರೆದಿರುವುದು ಹೆಚ್ಚಾಗಿ ನಾವೇ ಕಟ್ಟಿದ ಲಿಂಕ್‌ಗಳಿಗೆ: ಒಂದು ಮೈಕ್ರೋಕಂಟ್ರೋಲರ್ (ಕೋಡ್ ಓಡಿಸುವ ಪುಟ್ಟ ಚಿಪ್), ಎಲ್‌ಇಡಿಯನ್ನು ಹತ್ತಿಸಿ ಆರಿಸುವ ಸ್ವಿಚ್ಚಾದ ಮಾಸ್ಫೆಟ್, ಬಿಳಿ ಎಲ್‌ಇಡಿ, ಆ ಕಡೆ ಬೆಳಕನ್ನು ಕರೆಂಟ್ ಮಾಡುವ ಫೋಟೋಡಯೋಡ್, ಆಂಪ್ಲಿಫೈಯರ್, ಸಿಗ್ನಲ್ ಒಂದು ಗೆರೆಗಿಂತ ಮೇಲೋ ಕೆಳಗೋ ನೋಡಿ ಹೈ ಅಥವಾ ಲೋ ಕೊಡುವ ಕಂಪ್ಯಾರೇಟರ್, ಇನ್ನೊಂದು ಮೈಕ್ರೋಕಂಟ್ರೋಲರ್. ವೈಫೈ ಬದಲು ಬೆಳಕಿನಲ್ಲಿ ನೆಟ್ ಕೊಡುವ ರೆಡಿಮೇಡ್ ಲೈಫೈ ಸಾಧನಗಳ ಮಾತು ಕೊನೆಗೆ ಇದೆ.

ಮೊದಲು ರಟ್ಟು, ಆಮೇಲೆ ತಂತಿ

ಲಿಂಕ್ ಓಡುತ್ತಿರುವಾಗಲೇ ಫೋಟೋಡಯೋಡ್ ಮುಂದೆ ಒಂದು ದಪ್ಪ ರಟ್ಟು ಅಡ್ಡ ಹಿಡಿಯಿರಿ. ಕಪ್ಪು ಬಟ್ಟೆ ಬೇಡ. ಎಷ್ಟೋ ಕಪ್ಪು ಬಟ್ಟೆಗಳು, ಕಪ್ಪು ಪ್ಲಾಸ್ಟಿಕ್‌ಗಳು ಇನ್ಫ್ರಾರೆಡ್ ಬೆಳಕನ್ನು ಆರಾಮಾಗಿ ಒಳಗೆ ಬಿಡುತ್ತವೆ. ಅಲ್ಯೂಮಿನಿಯಂ ಹಾಳೆ ಬೆಳಕನ್ನೇನೋ ಚೆನ್ನಾಗಿ ತಡೆಯುತ್ತದೆ, ಆದರೆ ಫೋಟೋಡಯೋಡ್ ಕಾಲಿಗೆ ತಾಗಿ ಶಾರ್ಟ್ ಮಾಡಿಬಿಡುತ್ತದೆ.

ರಟ್ಟು ಹಿಡಿದಾಗ ಡೇಟಾ ನಿಂತರೆ ಅದು ಬೆಳಕಿನಲ್ಲೇ ಬರುತ್ತಿತ್ತು ಅಂತಾಯಿತು. ರಟ್ಟು ಹಿಡಿದ ಮೇಲೂ ಡೇಟಾ ಬರುತ್ತಲೇ ಇದ್ದರೆ? ಹೀಗೂ ಆಗುತ್ತದೆ, ಅದೂ ಎರಡೂ ಬೋರ್ಡ್‌ಗಳನ್ನು ಒಂದೇ ಮೇಜಿನ ಮೇಲೆ, ಒಂದೇ ಲ್ಯಾಪ್‌ಟಾಪ್‌ನ ಯುಎಸ್‌ಬಿಗೆ ಚುಚ್ಚಿಟ್ಟಾಗ. ಎಲ್‌ಇಡಿ ಕರೆಂಟ್ ಹತ್ತಿ ಇಳಿಯುವಾಗ ಸಪ್ಲೈ ಮತ್ತು ಗ್ರೌಂಡ್ ತಂತಿಗಳಲ್ಲಿ ಸಣ್ಣ ಜಿಗಿತ ಬರುತ್ತದೆ. ಸೂಕ್ಷ್ಮವಾದ ಆಂಪ್ಲಿಫೈಯರ್ ಅದನ್ನೇ ಸಿಗ್ನಲ್ ಅಂತ ಎತ್ತಿಕೊಳ್ಳುತ್ತದೆ. ಆಗ ನಿಮ್ಮ ಹತ್ತಿರ ಇರುವುದು ಬೆಳಕಿನ ಲಿಂಕ್ ಅಲ್ಲ, ದುಬಾರಿ ತಂತಿ! ಪಡೆಯುವ ಕಡೆಯನ್ನು ಪೂರ್ತಿ ಬ್ಯಾಟರಿ ಮೇಲೆ ಹಾಕಿ ಮತ್ತೆ ನೋಡಿ. ಮೇಜಿನ ಮೇಲೆ ಚೆನ್ನಾಗಿದ್ದದ್ದು ದೂರ ಒಯ್ದ ಕೂಡಲೇ ಸತ್ತುಹೋಗುವ ಲಿಂಕ್‌ಗಳಲ್ಲಿ ಇದು ನಾನು ಮೊದಲು ಅನುಮಾನಿಸುವ ಕಾರಣ.

ರಟ್ಟು ಇದ್ದರೂ ಇಲ್ಲದಿದ್ದರೂ ಏನೂ ಬರದಿದ್ದರೆ, ಅಥವಾ ಬರೀ ಕಸ ಬರುತ್ತಿದ್ದರೆ, ಬೆಳಕನ್ನೇ ಬಿಟ್ಟು ಒಂದು ತಂತಿ ಹಾಕಿ. ಕಳಿಸುವ ಪಿನ್‌ನಿಂದ ನೇರ ಪಡೆಯುವ ಪಿನ್‌ಗೆ, ಗ್ರೌಂಡ್‌ಗೆ ಗ್ರೌಂಡ್. ಒಂದು ಕಡೆ 5 ವೋಲ್ಟ್, ಇನ್ನೊಂದು ಕಡೆ 3.3 ವೋಲ್ಟ್ ಬೋರ್ಡ್ ಇದ್ದರೆ ನಡುವೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿಕೊಳ್ಳಿ. ತಂತಿಯಲ್ಲೂ ಕಸ ಬಂದರೆ ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಅನ್ನುವ ವೇಗ) ಅಥವಾ ಕೋಡ್ ತಪ್ಪಿದೆ, ಮುಂದಿನದೇನೂ ಓದಬೇಕಿಲ್ಲ. ತಂತಿಯಲ್ಲಿ ಸರಿ ಬಂದರೆ ಕೋಡ್ ಮುಚ್ಚಿಡಿ. ಇನ್ನು ಅದನ್ನು ಮುಟ್ಟಬೇಡಿ.

ಮಲ್ಟಿಮೀಟರ್‌ನಲ್ಲೇ ಆಗುವ ಇನ್ನೊಂದು ಪರೀಕ್ಷೆ ಇದೆ. ಸೀರಿಯಲ್ ಲೈನ್ ಸುಮ್ಮನಿದ್ದಾಗ ಹೈ ಇರಬೇಕು. ಹಾಗಾಗಿ ಏನೂ ಕಳಿಸದೆ ಇದ್ದಾಗ ಎಲ್‌ಇಡಿ ಉರಿಯುತ್ತಿರಬೇಕು, ಪಡೆಯುವ ಪಿನ್‌ನಲ್ಲಿ ಪೂರ್ತಿ ವೋಲ್ಟೇಜ್ ಇರಬೇಕು, ರಟ್ಟು ಅಡ್ಡ ಹಿಡಿದಾಗ ಸೊನ್ನೆಗೆ ಇಳಿಯಬೇಕು. ತಿರುಗಾಮುರುಗಾ ಆದರೆ ದಾರಿಯಲ್ಲಿ ಎಲ್ಲೋ ಸಿಗ್ನಲ್ ಮಗುಚಿದೆ. ಫೋಟೋಡಯೋಡ್ ತಿರುಗಿಸಿದ್ದರೂ ಹೀಗಾಗುತ್ತದೆ, ಕಂಪ್ಯಾರೇಟರ್‌ನ ಎರಡು ಇನ್‌ಪುಟ್ ಅದಲು ಬದಲಾದರೂ ಆಗುತ್ತದೆ. ಆಂಪ್ಲಿಫೈಯರ್ ಮತ್ತು ಕಂಪ್ಯಾರೇಟರ್ ನಡುವೆ ಕೆಪಾಸಿಟರ್ ಇದ್ದರೆ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ನಿಂತ ಬೆಳಕು ಅದರಲ್ಲಿ ದಾಟುವುದೇ ಇಲ್ಲ, ಅಲ್ವಾ?

ದೀಪ ನಿಜಕ್ಕೂ ಮಿನುಗುತ್ತಿದೆಯೇ?

ಸಿಗ್ನಲ್‌ನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇದ್ದವರು ಸ್ಕೋಪ್ ಹಾಕಲಿ. ಇಲ್ಲದವರಿಗೆ ಮೊಬೈಲ್ ಕ್ಯಾಮೆರಾ ಸಾಕು. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ದೀಪ ಕೆಲವು ನೂರು ಹರ್ಟ್ಸ್‌ನಿಂದ ಕೆಲವು ಕಿಲೋಹರ್ಟ್ಸ್‌ವರೆಗೆ ಮಿನುಗುತ್ತಿದ್ದರೆ ಪರದೆಯ ಮೇಲೆ ಕಪ್ಪು ಬಿಳಿ ಪಟ್ಟೆಗಳು ಬೀಳುತ್ತವೆ. ವೇಗ ಜಾಸ್ತಿಯಾದಷ್ಟೂ ಪಟ್ಟೆ ಸಣ್ಣ. ಕ್ಯಾಮೆರಾವನ್ನು ದೀಪಕ್ಕೆ ತೀರಾ ಹತ್ತಿರ ಹಿಡಿಯಿರಿ. ಬೆಳಕು ಜಾಸ್ತಿಯಾದಾಗ ಕ್ಯಾಮೆರಾ ಎಕ್ಸ್‌ಪೋಷರ್ ಕಡಿಮೆ ಮಾಡುತ್ತದೆ, ಪಟ್ಟೆ ಆಗ ಸ್ಪಷ್ಟ. ಹತ್ತಾರು ಕಿಲೋಹರ್ಟ್ಸ್ ದಾಟಿದರೆ ಪಟ್ಟೆಗಳು ಕಲಸಿಹೋಗುತ್ತವೆ. ಹಾಗಾಗಿ ಈ ಪರೀಕ್ಷೆಗೆ ಮಾತ್ರ ವೇಗವನ್ನು ಬೇಕಂತಲೇ 1200 ಅಥವಾ 2400 ಬಾಡ್‌ಗೆ ಇಳಿಸಿ.

ಪಟ್ಟೆ ಕಾಣಲಿಲ್ಲ ಅಂದರೆ ಮೊದಲ ಪ್ರಶ್ನೆ: ಅದು ಎಂಥ ದೀಪ? ಮನೆಯ ಎಲ್‌ಇಡಿ ಬಲ್ಬನ್ನೇ ತಂದು, ಅದರ ಸಪ್ಲೈಯನ್ನು ಆನ್ ಆಫ್ ಮಾಡಿ ಡೇಟಾ ಕಳಿಸಲು ನೋಡುವವರು ತುಂಬಾ ಜನ. ಅದು ಆಗುವ ಕೆಲಸವಲ್ಲ. ಆ ಬಲ್ಬಿನೊಳಗೆ ಕರೆಂಟನ್ನು ಒಂದೇ ಸಮ ಇಡುವ ಡ್ರೈವರ್ ಇರುತ್ತದೆ, ಅದರ ಔಟ್‌ಪುಟ್‌ನಲ್ಲಿ ದಪ್ಪ ಕೆಪಾಸಿಟರ್ ಇರುತ್ತದೆ. ಮೇಲೆ ಟ್ಯಾಂಕ್ ಇದ್ದಾಗ ಪಂಪ್ ಎಷ್ಟು ಸಲ ನಿಂತು ಹೊರಟರೂ ನಲ್ಲಿಗೆ ಗೊತ್ತಾಗುವುದಿಲ್ಲವಲ್ಲ, ಹಾಗೆ. ಸ್ವಿಚ್ ಆಫ್ ಮಾಡಿದ ಮೇಲೂ ಕ್ಷಣಕಾಲ ಮಂಕಾಗಿ ಉರಿದು ಆರುವ ಬಲ್ಬ್ ಕಂಡರೆ ಅದರೊಳಗೆ ಈ ಕೆಪಾಸಿಟರ್ ಇದೆ ಅಂತಲೇ ತಿಳಿಯಿರಿ. ಹಾಗಂತ ಬಲ್ಬ್ ಬಿಚ್ಚಿ ಕೆಪಾಸಿಟರ್ ಕಿತ್ತುಹಾಕಲು ಹೋಗಬೇಡಿ. ಇಂಥ ಎಷ್ಟೋ ಬಲ್ಬ್‌ಗಳಲ್ಲಿ ಎಲ್‌ಇಡಿ ಸಾಲು ಮೇನ್ಸ್‌ನಿಂದ ಬೇರ್ಪಟ್ಟಿರುವುದೇ ಇಲ್ಲ, ಮುಟ್ಟಿದರೆ ಶಾಕ್. ಪ್ರಯೋಗಕ್ಕೆ ಬರೀ ರೆಸಿಸ್ಟರ್ ಇರುವ 12 ವೋಲ್ಟ್ ಎಲ್‌ಇಡಿ ಪಟ್ಟಿ ಅಥವಾ ಬಿಡಿ ಪವರ್ ಎಲ್‌ಇಡಿ ತೆಗೆದುಕೊಳ್ಳಿ.

ಎರಡನೆಯದು ಮಾಸ್ಫೆಟ್. ಐಆರ್‌ಎಫ್ 540 ಎಲ್ಲೆಡೆ ಸಿಗುತ್ತದೆ, ಎಲ್ಲರೂ ಅದನ್ನೇ ಹಾಕುತ್ತಾರೆ. ಅದು ಪೂರ್ತಿ ತೆರೆಯಲು ಗೇಟ್‌ಗೆ, ಅಂದರೆ ಅದನ್ನು ತೆರೆದು ಮುಚ್ಚುವ ಕಾಲಿಗೆ, 10 ವೋಲ್ಟ್ ಬೇಕು. 3.3 ವೋಲ್ಟ್ ಪಿನ್‌ನಿಂದ ಅದು ಅರೆಬರೆ ತೆರೆಯುತ್ತದೆ: ದೀಪ ಮಂಕು, ಮಾಸ್ಫೆಟ್ ಬಿಸಿ. ಕಡಿಮೆ ವೋಲ್ಟೇಜಿಗೇ ಪೂರ್ತಿ ತೆರೆಯುವ ಲಾಜಿಕ್ ಲೆವೆಲ್ ಮಾಸ್ಫೆಟ್ ಹಾಕಿ, ಇಲ್ಲವೇ ನಡುವೆ ಗೇಟ್ ಡ್ರೈವರ್ ಐಸಿ ಇಡಿ.

ಗೇಟ್‌ನ ರೆಸಿಸ್ಟರನ್ನೂ ಒಮ್ಮೆ ನೋಡಿಬಿಡಿ. 10 ಕಿಲೋ ಓಮ್ ರೆಸಿಸ್ಟರ್ ಇರಬೇಕಾದ್ದು ಗೇಟ್‌ನಿಂದ ಗ್ರೌಂಡ್‌ಗೆ. ಅದನ್ನು ಪಿನ್ ಮತ್ತು ಗೇಟ್ ನಡುವೆ ಹಾಕಿದರೆ, ಗೇಟ್‌ನ ಸುಮಾರು 1.7 ನ್ಯಾನೋಫ್ಯಾರಡ್ ಜೊತೆ ಸೇರಿ 17 ಮೈಕ್ರೋಸೆಕೆಂಡ್ ಸೋಮಾರಿತನ ಬರುತ್ತದೆ. 9600 ಬಾಡ್‌ನಲ್ಲಿ ಒಂದು ಬಿಟ್ 104 ಮೈಕ್ರೋಸೆಕೆಂಡ್, ಹಾಗಾಗಿ ಹೇಗೋ ನಡೆಯುತ್ತದೆ. 115200ರಲ್ಲಿ ಒಂದು ಬಿಟ್ ಬರೀ 8.7 ಮೈಕ್ರೋಸೆಕೆಂಡ್, ನಡೆಯುವುದಿಲ್ಲ. ಪಿನ್ ಮತ್ತು ಗೇಟ್ ನಡುವೆ 100 ಓಮ್ ಸಾಕು.

ಬಿಳಿ ಎಲ್‌ಇಡಿ ತಾನೇ ನಿಧಾನ ಅನ್ನುವ ಮಾತು ಎಲ್ಲ ಕಡೆ ಓದಲು ಸಿಗುತ್ತದೆ. ನಿಜವೇ. ಒಳಗಿರುವುದು 450 ನ್ಯಾನೋಮೀಟರ್ ಹತ್ತಿರದ ನೀಲಿ ಚಿಪ್, ಮೇಲಿನ ಹಳದಿ ಫಾಸ್ಫರ್ ಆ ನೀಲಿಯನ್ನು ಹೀರಿ ತಡವಾಗಿ ಹೊರಬಿಡುತ್ತದೆ. ಅದರಿಂದ ಬ್ಯಾಂಡ್‌ವಿಡ್ತ್, ಅಂದರೆ ದಾಟಿಸಬಲ್ಲ ಏರಿಳಿತದ ಮೇಲಿನ ಮಿತಿ, 2-3 ಮೆಗಾಹರ್ಟ್ಸ್ ಆಸುಪಾಸಿಗೆ ನಿಲ್ಲುತ್ತದೆ. ಫೋಟೋಡಯೋಡ್ ಮುಂದೆ ನೀಲಿ ಫಿಲ್ಟರ್ ಇಟ್ಟರೆ ವೇಗ ಏರುತ್ತದೆ, ಬೆಳಕು ಇಳಿಯುತ್ತದೆ. ಆದರೆ ನಿಮ್ಮ ಲಿಂಕ್ 9600 ಬಾಡ್‌ನಲ್ಲೇ ಎಡವುತ್ತಿದ್ದರೆ ಫಾಸ್ಫರ್ ಮೇಲೆ ತಪ್ಪು ಹೊರಿಸಬೇಡಿ, ಅದು ಇನ್ನೂ ನೂರಾರು ಪಟ್ಟು ವೇಗ ತಡೆಯುತ್ತದೆ.

ಸೆನ್ಸರ್ ಯಾವುದು?

ಬೆಳಕು ಬಿದ್ದಾಗ ರೆಸಿಸ್ಟೆನ್ಸ್ ಇಳಿಯುವ ಎಲ್‌ಡಿಆರ್ ಹಾಕಿದ್ದರೆ ಈಗಲೇ ತೆಗೆಯಿರಿ. ಅದು ಬೆಳಕಿಗೆ ಹೊಂದಿಕೊಳ್ಳಲು ಹತ್ತಾರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಸಂಜೆ ದೀಪ ತಾನಾಗಿ ಹತ್ತಿಸಲು ಚೆಂದ, ಡೇಟಾಗೆ ಅಲ್ಲ. ಸಣ್ಣ ಸೋಲಾರ್ ಪ್ಯಾನೆಲ್‌ನಲ್ಲಿ ಹಾಡು ಕೇಳಿಸಬಹುದು, ಅದಕ್ಕಿಂತ ಮೇಲೆ ಕಷ್ಟ. ಅದರ ಕೆಪಾಸಿಟೆನ್ಸ್ ತುಂಬಾ ದೊಡ್ಡದು.

ಟಿವಿ ರಿಮೋಟ್‌ಗೆ ಬಳಸುವ ಮೂರು ಕಾಲಿನ ರಿಸೀವರ್ ಹಾಕಿ ಬಿಳಿ ಎಲ್‌ಇಡಿ ತೋರಿಸುವವರೂ ಇದ್ದಾರೆ. ಅದರ ಮೈ ಕಾಣುವ ಬೆಳಕನ್ನೇ ತಡೆಯುತ್ತದೆ. ತಡೆಯದಿದ್ದರೂ ಅದು ಒಪ್ಪುವುದು 38 ಕಿಲೋಹರ್ಟ್ಸ್‌ನಂಥ ಒಂದೇ ತರಂಗದ ತುಣುಕುಗಳನ್ನು ಮಾತ್ರ. ಬಿಡದೆ ಬಂದರೆ ಅದನ್ನೂ ಗದ್ದಲ ಅಂತ ಅದುಮಿಬಿಡುತ್ತದೆ.

ಇದೇ ಜಾತಿಯ, ಆದರೆ ಕಂಡುಹಿಡಿಯಲು ಕಷ್ಟವಾದ ತಪ್ಪು ಕಪ್ಪು ಫೋಟೋಡಯೋಡ್. ಬಿಪಿಡಬ್ಲ್ಯೂ 34 ಅನ್ನುವ ಪ್ರಸಿದ್ಧ ಫೋಟೋಡಯೋಡ್‌ನ ಮೈ ಪಾರದರ್ಶಕ, ಒಳಗಿನ ಚೌಕ ಚಿಪ್ ಕಾಣುತ್ತದೆ. ಅದೇ ಹೆಸರಿನ ಕೊನೆಗೆ ಎಫ್ ಅಕ್ಷರ ಸೇರಿದ ಮಾದರಿಯ ಮೈ ಕಪ್ಪು, ಹಗಲಿನ ಬೆಳಕು ತಡೆಯಲೆಂದೇ ಮಾಡಿದ್ದು. ಬಿಳಿ ಎಲ್‌ಇಡಿಯಲ್ಲಿ ಇನ್ಫ್ರಾರೆಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕಪ್ಪು ಮೈಯ ಮುಂದೆ ಎಷ್ಟು ಪ್ರಖರವಾದ ಎಲ್‌ಇಡಿ ಹಿಡಿದರೂ ಏನೂ ಆಗುವುದಿಲ್ಲ. ಕಿಟಕಿಯ ಬಿಸಿಲಿಗೆ ಮಾತ್ರ ಅದು ಚೆನ್ನಾಗಿ ಸ್ಪಂದಿಸುತ್ತದೆ, ಅದರಿಂದ ಸೆನ್ಸರ್ ಸರಿ ಇದೆ ಅಂತ ಇನ್ನಷ್ಟು ಮೋಸ.

ಫೋಟೋಡಯೋಡ್ ಒಂದನ್ನೇ ಪರೀಕ್ಷಿಸುವುದು ಬಲು ಸುಲಭ. ಸರ್ಕ್ಯೂಟ್‌ನಿಂದ ಬಿಚ್ಚಿ. ಮಲ್ಟಿಮೀಟರನ್ನು ಮೈಕ್ರೋ ಆಂಪಿಯರ್‌ಗೆ ತಿರುಗಿಸಿ. ಎರಡು ಕಾಲಿಗೆ ಎರಡು ಪ್ರೋಬ್. ಬ್ಯಾಟರಿಯೂ ಬೇಡ, ರೆಸಿಸ್ಟರೂ ಬೇಡ. ಎಲ್‌ಇಡಿ ಕಡೆ ತಿರುಗಿಸಿದಾಗ ಅಂಕಿ ಏರಬೇಕು, ಕೈ ಅಡ್ಡ ಹಿಡಿದಾಗ ಸೊನ್ನೆಯ ಹತ್ತಿರ ಇಳಿಯಬೇಕು. ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಡಿ: ಎಲ್‌ಇಡಿ ಹತ್ತಿದಾಗ ಎಷ್ಟು, ಎಲ್‌ಇಡಿ ಆರಿಸಿ ಕೋಣೆಯ ಬೆಳಕು ಮಾತ್ರ ಇದ್ದಾಗ ಎಷ್ಟು. ಮುಂದಿನ ಹಂತಕ್ಕೆ ಈ ಎರಡೂ ಬೇಕು.

ಬೆರಳು ಅಡ್ಡ ಹಿಡಿದಾಗ ಡೇಟಾ ಬಂದರೆ

ಇದು ವಿಚಿತ್ರವಾಗಿ ಕಾಣುವ, ಆದರೆ ಪದೇ ಪದೇ ಎದುರಾಗುವ ಲಕ್ಷಣ. ಲಿಂಕ್ ಸತ್ತಿದೆ. ಏನಾಗಿದೆ ಅಂತ ಬಗ್ಗಿ ನೋಡುವಾಗ ನಿಮ್ಮ ತಲೆಯ ನೆರಳು ಫೋಟೋಡಯೋಡ್ ಮೇಲೆ ಬೀಳುತ್ತದೆ, ಡೇಟಾ ಹರಿಯತೊಡಗುತ್ತದೆ. ಎದ್ದು ನಿಂತರೆ ಮತ್ತೆ ನಿಲ್ಲುತ್ತದೆ.

ಆಂಪ್ಲಿಫೈಯರ್ ಬೆಳಕಿನಲ್ಲಿ ಮುಳುಗಿದೆ, ಅಷ್ಟೇ. ಫೋಟೋಡಯೋಡ್ ಕರೆಂಟನ್ನು ವೋಲ್ಟೇಜ್ ಮಾಡುವ ಆಂಪ್ಲಿಫೈಯರ್‌ನಲ್ಲಿ ಲೆಕ್ಕ ಸುಲಭ: ಕರೆಂಟ್ ಗುಣಿಸು ಫೀಡ್‌ಬ್ಯಾಕ್ ರೆಸಿಸ್ಟರ್ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಹಾಕುವ ರೆಸಿಸ್ಟರ್). 1 ಮೆಗಾ ಓಮ್ ಹಾಕಿ 5 ವೋಲ್ಟ್ ಸಪ್ಲೈ ಕೊಟ್ಟರೆ ಬರೀ 5 ಮೈಕ್ರೋ ಆಂಪಿಯರ್‌ಗೆ ಔಟ್‌ಪುಟ್ ಮೇಲಿನ ಅಂಚಿಗೆ ಹೋಗಿ ಬಡಿಯುತ್ತದೆ. ಅದಕ್ಕಿಂತ ಮೇಲೆ ಎಷ್ಟು ಏರಿಳಿದರೂ ಔಟ್‌ಪುಟ್ ಅಲ್ಲಾಡುವುದಿಲ್ಲ. ಚೀಟಿಯಲ್ಲಿ ಬರೆದ ಕೋಣೆಯ ಬೆಳಕಿನ ಅಂಕಿಯೇ ಇದನ್ನು ದಾಟಿದ್ದರೆ ಎಲ್‌ಇಡಿಗೆ ಮಾತಾಡಲು ಜಾಗವೇ ಉಳಿದಿಲ್ಲ. ನೇರ ಬಿಸಿಲು ಬಿದ್ದರಂತೂ ಬಿಪಿಡಬ್ಲ್ಯೂ 34ರಂಥ ಡಯೋಡ್‌ನಲ್ಲಿ ಮಿಲಿ ಆಂಪಿಯರ್‌ಗಳಷ್ಟು ಕರೆಂಟ್ ಹರಿಯುತ್ತದೆ.

1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಫೋಟೋಫೋನ್ ಮಾಡಿದಾಗ ದನಿಗೆ ನಡುಗುವ ಕನ್ನಡಿಯಿಂದ ಬಿಸಿಲನ್ನೇ ಕುಣಿಸಿ ಮಾತು ಕಳಿಸಿದ್ದ. ಅವನಿಗೆ ಬಿಸಿಲೇ ದೀಪ. ನಮಗೆ ಅದೇ ಬಿಸಿಲು ದೊಡ್ಡ ತಲೆನೋವು.

ಪರಿಹಾರಕ್ಕೆ ಫೀಡ್‌ಬ್ಯಾಕ್ ರೆಸಿಸ್ಟರನ್ನು 100 ಅಥವಾ 47 ಕಿಲೋ ಓಮ್‌ಗೆ ಇಳಿಸಿ. ಕಳೆದುಹೋದ ಗೇನನ್ನು (ಸಿಗ್ನಲ್ ಹಿಗ್ಗಿಸುವ ಪಟ್ಟನ್ನು) ಕೆಪಾಸಿಟರ್ ದಾಟಿದ ಮೇಲೆ ಎರಡನೇ ಹಂತದಲ್ಲಿ ಪಡೆಯಿರಿ. ಅಲ್ಲಿ ಕೋಣೆಯ ನಿಂತ ಬೆಳಕು ಇರುವುದಿಲ್ಲ. ಫೋಟೋಡಯೋಡ್ ಸುತ್ತ ಕಪ್ಪು ಕಾಗದದ ಸಣ್ಣ ಕೊಳವೆ ಸುತ್ತುವುದೂ ಒಳ್ಳೆಯ ಉಪಾಯ. ಅದಕ್ಕೆ ಖರ್ಚೇ ಇಲ್ಲ.

ಬೆಳಕು ಸರಿ, ಆದರೆ ಅಲೆ ದುಂಡಗಾಗಿದೆ

ಚೌಕ ಅಲೆ ಕಳಿಸಿದರೆ ಸ್ಕೋಪ್‌ನಲ್ಲಿ ಶಾರ್ಕ್ ರೆಕ್ಕೆಯ ಆಕಾರ ಕಂಡರೆ ಪಡೆಯುವ ಕಡೆ ನಿಧಾನವಾಗಿದೆ. ಆಂಪ್ಲಿಫೈಯರ್ ಇಲ್ಲದೆ ಫೋಟೋಡಯೋಡ್‌ಗೆ ಬರೀ ರೆಸಿಸ್ಟರ್ ಹಾಕಿದವರು ಈ ಲೆಕ್ಕ ನೋಡಿ. ಬಿಪಿಡಬ್ಲ್ಯೂ 34ರ ಕೆಪಾಸಿಟೆನ್ಸ್ ಬಯಾಸ್ (ಹೊರಗಿನಿಂದ ಕೊಡುವ ವೋಲ್ಟೇಜ್) ಇಲ್ಲದಾಗ ಸುಮಾರು 70 ಪಿಕೋಫ್ಯಾರಡ್. ಜೊತೆಗೆ 100 ಕಿಲೋ ಓಮ್ ಇದ್ದರೆ ಬ್ಯಾಂಡ್‌ವಿಡ್ತ್ 23 ಕಿಲೋಹರ್ಟ್ಸ್ ಹತ್ತಿರಕ್ಕೆ ಮುಗಿಯಿತು. 3 ವೋಲ್ಟ್ ರಿವರ್ಸ್ ಬಯಾಸ್, ಅಂದರೆ ಉಲ್ಟಾ ದಿಕ್ಕಿನ ವೋಲ್ಟೇಜ್, ಕೊಟ್ಟರೆ ಕೆಪಾಸಿಟೆನ್ಸ್ 25 ಪಿಕೋಫ್ಯಾರಡ್ ಆಸುಪಾಸಿಗೆ ಇಳಿಯುತ್ತದೆ, ಅದೇ ರೆಸಿಸ್ಟರ್‌ನಲ್ಲಿ 64 ಕಿಲೋಹರ್ಟ್ಸ್ ಸಿಗುತ್ತದೆ. ಒಂದು ತಂತಿ ಬದಲಿಸಿದ್ದಕ್ಕೆ ಮೂರು ಪಟ್ಟು ಹತ್ತಿರ ಲಾಭ.

ಆಂಪ್ಲಿಫೈಯರ್ ಇದ್ದರೆ ಅದರ ಹೆಸರು ಓದಿ. ಎಲ್‌ಎಂ 358 ಆಗಿದ್ದರೆ ಅದರ ಗೇನ್ ಬ್ಯಾಂಡ್‌ವಿಡ್ತ್ 1 ಮೆಗಾಹರ್ಟ್ಸ್ ಸುತ್ತಮುತ್ತ, ಔಟ್‌ಪುಟ್ ಏರುವ ವೇಗ ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್ ಕೂಡ ಕಷ್ಟ. 9600ಕ್ಕೆ ಪರವಾಗಿಲ್ಲ. ಅದರ ಮೇಲೆ ನೂರಾರು ಕಿಲೋಬಿಟ್ ಆಸೆ ಇಟ್ಟುಕೊಳ್ಳಬೇಡಿ. ಬ್ರೆಡ್‌ಬೋರ್ಡ್ ಕೂಡ ಕಳ್ಳನೇ. ಪಕ್ಕಪಕ್ಕದ ಸಾಲುಗಳ ನಡುವೆ ಒಂದೆರಡು ಪಿಕೋಫ್ಯಾರಡ್ ಇದ್ದೇ ಇರುತ್ತದೆ. 1 ಮೆಗಾ ಓಮ್ ಫೀಡ್‌ಬ್ಯಾಕ್‌ಗೆ ಅಡ್ಡಲಾಗಿ 2 ಪಿಕೋಫ್ಯಾರಡ್ ಕೂತರೂ ಬ್ಯಾಂಡ್‌ವಿಡ್ತ್ 80 ಕಿಲೋಹರ್ಟ್ಸ್‌ಗೆ ಕುಸಿಯುತ್ತದೆ. ಅದೇ ಫೀಡ್‌ಬ್ಯಾಕ್‌ನಲ್ಲಿ ಕೆಪಾಸಿಟೆನ್ಸ್ ತೀರಾ ಕಡಿಮೆಯಾದರೆ ಅಲೆಯ ಅಂಚಿನಲ್ಲಿ ಕಂಪನ ಏಳುತ್ತದೆ. ಆಗ ಕೆಲವು ಪಿಕೋಫ್ಯಾರಡ್ ನಾವೇ ಸೇರಿಸಬೇಕು.

ಯು ಅಕ್ಷರ ಬರುತ್ತದೆ, ಬೇರೆ ಯಾವುದೂ ಬರುವುದಿಲ್ಲ

ನನ್ನ ಪ್ರಕಾರ ಈ ಕ್ಷೇತ್ರದ ಅತಿ ಸ್ವಾರಸ್ಯದ ದೋಷ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಪರೀಕ್ಷೆಗೆ ಇಂಗ್ಲಿಷಿನ ದೊಡ್ಡ ಯು ಅಕ್ಷರವನ್ನು ಬಿಡದೆ ಕಳಿಸುವುದು ವಾಡಿಕೆ. ಅದರ ಬಿಟ್‌ಗಳು ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್ ಸೇರಿ ಒಂದು ಬಿಟ್ಟು ಒಂದು ಬದಲಾಗುತ್ತವೆ: 0101010101. 9600 ಬಾಡ್‌ನಲ್ಲಿ ಅದು ಅಚ್ಚುಕಟ್ಟಾದ 4800 ಹರ್ಟ್ಸ್ ಚೌಕ ಅಲೆ. ಲಿಂಕ್ ಅದನ್ನು ಗಂಟೆಗಟ್ಟಲೆ ತಪ್ಪಿಲ್ಲದೆ ದಾಟಿಸುತ್ತದೆ. ಖುಷಿಯಾಗಿ ನಿಜವಾದ ಡೇಟಾ ಕಳಿಸುತ್ತೀರಿ. ಕಸ ಬರುತ್ತದೆ.

ತಪ್ಪು ಇರುವುದು ಕೋಣೆಯ ಬೆಳಕನ್ನು ತಡೆಯಲು ಹಾಕಿದ ಕೆಪಾಸಿಟರ್‌ನಲ್ಲಿ. ಅದು ನಿಂತ ಬೆಳಕನ್ನು ತಡೆಯುತ್ತದೆ, ಸರಿ. ಆದರೆ ನಿಮ್ಮ ಡೇಟಾದಲ್ಲೇ ಒಂದೇ ಬಿಟ್ ತುಂಬಾ ಹೊತ್ತು ನಿಂತರೆ ಅದನ್ನೂ ನಿಂತ ಬೆಳಕು ಅಂತಲೇ ತಿಳಿಯುತ್ತದೆ. ಸೊನ್ನೆ ಬೈಟ್ ಕಳಿಸಿದಾಗ ಸ್ಟಾರ್ಟ್ ಬಿಟ್ ಸೇರಿ ಸತತ ಒಂಬತ್ತು ಬಿಟ್ ಲೋ. 9600ರಲ್ಲಿ ಅದು 0.94 ಮಿಲಿಸೆಕೆಂಡ್. 10 ನ್ಯಾನೋಫ್ಯಾರಡ್ ಕೆಪಾಸಿಟರ್, 100 ಕಿಲೋ ಓಮ್ ರೆಸಿಸ್ಟರ್ ಇದ್ದರೆ ಟೈಮ್ ಕಾನ್‌ಸ್ಟಂಟ್ (ಎರಡರ ಗುಣಲಬ್ಧ, ಸಿಗ್ನಲ್ ಎಷ್ಟು ಬೇಗ ಕರಗುತ್ತದೆ ಅನ್ನುವ ಅಳತೆ) 1 ಮಿಲಿಸೆಕೆಂಡ್. ಒಂಬತ್ತನೇ ಬಿಟ್ ಮುಗಿಯುವ ಹೊತ್ತಿಗೆ ಸಿಗ್ನಲ್ ಮೊದಲಿನ 39 ಶೇಕಡಕ್ಕೆ ಕರಗಿರುತ್ತದೆ. ಕಂಪ್ಯಾರೇಟರ್‌ನ ಗೆರೆಯ ಹತ್ತಿರ ತೂಗಾಡುತ್ತದೆ, ಚಿಕ್ಕ ಗದ್ದಲ ಸಾಕು ಬಿಟ್ ಮಗುಚಲು.

ಇದರ ಇನ್ನೊಂದು ಮುಖ: ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕಳಿಸಿದಾಗ ಮೊದಲ ಒಂದೆರಡು ಅಕ್ಷರ ಹಾಳು, ಆಮೇಲೆ ಎಲ್ಲ ಸರಿ. ಸುಮ್ಮನಿದ್ದಾಗ ಲೈನ್ ಹೈ ಇರುತ್ತದಲ್ಲ, ಕೆಪಾಸಿಟರ್ ಅದಕ್ಕೇ ಒಗ್ಗಿಕೊಂಡಿರುತ್ತದೆ. ಡೇಟಾ ಶುರುವಾದ ಮೇಲೆ ಮತ್ತೆ ಹೊಂದಿಕೊಳ್ಳಲು ಹೊತ್ತು ಬೇಕು.

ಇಲ್ಲೊಂದು ತಮಾಷೆ ಇದೆ. ಲಿಂಕ್ ತಪ್ಪು ಮಾಡಿದರೆ ಎಲ್ಲರೂ ವೇಗ ಇಳಿಸುತ್ತಾರೆ. ಈ ದೋಷದಲ್ಲಿ ವೇಗ ಇಳಿಸಿದರೆ ತೊಂದರೆ ಜಾಸ್ತಿಯಾಗುತ್ತದೆ, ಏರಿಸಿದರೆ ಕಡಿಮೆಯಾಗುತ್ತದೆ. 115200ರಲ್ಲಿ ಒಂಬತ್ತು ಬಿಟ್ ಬರೀ 78 ಮೈಕ್ರೋಸೆಕೆಂಡ್, ಅದೇ ಕೆಪಾಸಿಟರ್‌ನಲ್ಲಿ ಕರಗುವುದು 8 ಶೇಕಡಕ್ಕಿಂತ ಕಡಿಮೆ. ವೇಗ ಏರಿಸಿದಾಗ ತಪ್ಪು ಇಳಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಕೆಪಾಸಿಟರ್ ದೊಡ್ಡದು ಮಾಡೋಣ ಅನಿಸುತ್ತದೆ. 1 ಮೈಕ್ರೋಫ್ಯಾರಡ್ ಹಾಕಿದರೆ ಟೈಮ್ ಕಾನ್‌ಸ್ಟಂಟ್ 100 ಮಿಲಿಸೆಕೆಂಡ್ ಆಗುತ್ತದೆ, ಸೊನ್ನೆಗಳು ಕರಗುವುದಿಲ್ಲ. ಆದರೆ ಕೋಣೆಯ ದೀಪಗಳ 100 ಹರ್ಟ್ಸ್ ಗುಂಯ್ ಅನ್ನುವ ಸದ್ದು ಬಾಗಿಲು ತೆರೆದು ಒಳಗೆ ಬರುತ್ತದೆ. ಸರಿಯಾದ ಮದ್ದು ಮ್ಯಾಂಚೆಸ್ಟರ್ ಕೋಡಿಂಗ್. ಅದರಲ್ಲಿ ಪ್ರತಿ ಬಿಟ್‌ನ ನಡುವೆಯೂ ಒಂದು ಬದಲಾವಣೆ ಇರುತ್ತದೆ, ಯಾವ ಮಟ್ಟವೂ ಒಂದು ಬಿಟ್ ಹೊತ್ತಿಗಿಂತ ಜಾಸ್ತಿ ನಿಲ್ಲುವುದಿಲ್ಲ. ಬದಲಿಗೆ ಎರಡು ಪಟ್ಟು ಬ್ಯಾಂಡ್‌ವಿಡ್ತ್ ಕೇಳುತ್ತದೆ. ಕೊಡಿ, ಪರವಾಗಿಲ್ಲ. ಕಳಿಸಲು ಏನೂ ಇಲ್ಲದಾಗಲೂ ಖಾಲಿ ಬೈಟ್‌ಗಳನ್ನು ಕಳಿಸುತ್ತಲೇ ಇದ್ದರೆ ಮೊದಲ ಅಕ್ಷರ ಕೆಡುವ ಕಾಟವೂ ಹೋಗುತ್ತದೆ.

ಬೇರೆ ದೀಪಗಳ ಕಾಟ

50 ಹರ್ಟ್ಸ್ ಮೇನ್ಸ್ ಮೇಲೆ ಓಡುವ ದೀಪಗಳ ಬೆಳಕು 100 ಹರ್ಟ್ಸ್‌ನಲ್ಲಿ, 60 ಹರ್ಟ್ಸ್ ಮೇಲಿನವು 120ರಲ್ಲಿ ಏರಿಳಿಯುತ್ತವೆ. ಎಲೆಕ್ಟ್ರಾನಿಕ್ ಚೋಕ್ ಇರುವ ಟ್ಯೂಬ್‌ಲೈಟ್‌ಗಳು ಹತ್ತಾರು ಕಿಲೋಹರ್ಟ್ಸ್‌ನಲ್ಲೂ ಗದ್ದಲ ಮಾಡುತ್ತವೆ, ಅದು ನಿಮ್ಮ ಡೇಟಾ ವೇಗದ ನಡುಮಧ್ಯಕ್ಕೇ ಬಂದು ಕೂರಬಹುದು.

ಇದನ್ನು ಕಿವಿಯಿಂದಲೇ ಹಿಡಿಯಬಹುದು. ಸಣ್ಣ ಸೋಲಾರ್ ಪ್ಯಾನೆಲ್ ಒಂದನ್ನು ಸ್ಪೀಕರ್ ಆಂಪ್ಲಿಫೈಯರ್‌ನ ಇನ್‌ಪುಟ್‌ಗೆ ಹಾಕಿ ಕೋಣೆಯಲ್ಲೆಲ್ಲ ತಿರುಗಿಸಿ. ನಡುವೆ ಒಂದು ಕೆಪಾಸಿಟರ್ ಇರಲಿ. ಒಂದು ದೀಪದ ಕೆಳಗೆ ಗುಂಯ್ ಅನ್ನುತ್ತದೆ, ಇನ್ನೊಂದರ ಕೆಳಗೆ ಏನೂ ಇಲ್ಲ. ಟಿವಿ ರಿಮೋಟ್ ಒತ್ತಿದರೆ ಟರ್ರ್ ಅನ್ನುತ್ತದೆ. ಕಿಟಕಿಯ ಬಿಸಿಲು ಮೌನ. ಡಿಮ್ಮರ್ ಇಳಿಸಿದ ಎಲ್‌ಇಡಿಯೊಂದು ಕೀಚಲು ದನಿ ಹೊರಡಿಸಿದರೆ ಅದು ಪಿಡಬ್ಲ್ಯೂಎಂ ಡಿಮ್ಮರ್, ಅಂದರೆ ದೀಪವನ್ನು ಬೇಗ ಬೇಗ ಆರಿಸಿ ಹತ್ತಿಸಿ ಮಂಕು ಮಾಡುವಂಥದ್ದು. ಡೇಟಾ ಕಳಿಸುವ ದೀಪಕ್ಕೇ ಇಂಥ ಡಿಮ್ಮರ್ ಹಾಕಿದ್ದರೆ ಅದು ಆರಿದ ಹೊತ್ತಿನಲ್ಲೆಲ್ಲ ಡೇಟಾ ಕತ್ತರಿಸಿಹೋಗುತ್ತದೆ. ದೀಪ ಪೂರ್ತಿ ಹೊಳಪಿನಲ್ಲಿದ್ದಾಗ ಸರಿ, ಮಂಕು ಮಾಡಿದರೆ ತಪ್ಪು ಅನ್ನುವ ದೂರಿಗೆ ಇದೇ ಉತ್ತರ.

ಬಿಸಿಲು ಮೌನ ಅಂದೆ. ಸ್ಪೀಕರ್‌ಗೆ ಮಾತ್ರ ಅದು ಮೌನ. ಆಂಪ್ಲಿಫೈಯರ್ ಮುಳುಗದಿದ್ದರೂ ಅಷ್ಟು ಕರೆಂಟ್ ಹರಿಯುವಾಗ ಶಾಟ್ ನಾಯ್ಸ್ (ಕರೆಂಟ್ ಹರಿವಿನಲ್ಲೇ ಹುಟ್ಟುವ ಗದ್ದಲ) ಏರುತ್ತದೆ, ದೂರದ ದುರ್ಬಲ ಸಿಗ್ನಲ್ ಅದರಲ್ಲಿ ಕಳೆದುಹೋಗುತ್ತದೆ. ಇದಕ್ಕೆ ಯಾವ ಕೆಪಾಸಿಟರೂ ಮದ್ದಲ್ಲ. ನೆರಳು, ಕೊಳವೆ, ಇಲ್ಲವೇ ಬಣ್ಣದ ಫಿಲ್ಟರ್.

ಹತ್ತಿರ ಸರಿ, ದೂರ ಇಲ್ಲ

ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಫೋಟೋಡಯೋಡ್ ಕರೆಂಟ್ ಬೆಳಕಿನ ಪ್ರಮಾಣದಲ್ಲೇ ಇಳಿಯುವುದರಿಂದ ವಿದ್ಯುತ್ ಸಿಗ್ನಲ್‌ನ ಶಕ್ತಿ ಹದಿನಾರರಲ್ಲಿ ಒಂದು ಭಾಗವಾಗುತ್ತದೆ. ರೇಡಿಯೋ ಲಿಂಕ್ ಅಭ್ಯಾಸ ಇರುವವರಿಗೆ ಈ ಕುಸಿತ ದಿಗಿಲು ಹುಟ್ಟಿಸುತ್ತದೆ. ಕೋನವೂ ಲೆಕ್ಕಕ್ಕೆ ಬರುತ್ತದೆ: ಫೋಟೋಡಯೋಡನ್ನು 60 ಡಿಗ್ರಿ ಓರೆ ಮಾಡಿದರೆ ಅದಕ್ಕೆ ಸಿಗುವ ಬೆಳಕು ಅರ್ಧ.

ಆದರೆ ದೂರದಲ್ಲಿ ಸ್ಕೋಪ್‌ನಲ್ಲಿ ಅಲೆ ಇನ್ನೂ ಚೆನ್ನಾಗಿ ಕಾಣುತ್ತಿದ್ದು ಡೇಟಾ ಮಾತ್ರ ಕೆಟ್ಟಿದ್ದರೆ ತಪ್ಪು ಕಂಪ್ಯಾರೇಟರ್‌ನ ನಿಗದಿತ ಗೆರೆಯದು. ಹತ್ತಿರದಲ್ಲಿ ಕೂತು ಪೊಟೆನ್ಶಿಯೋಮೀಟರ್ ತಿರುಗಿಸಿ ಹೊಂದಿಸಿದ ಗೆರೆ ದೂರದ ಸಣ್ಣ ಅಲೆಗೆ ಮೇಲಾಗಿಬಿಡುತ್ತದೆ. ಯು ಅಕ್ಷರ ಕಳಿಸಿ ಕಂಪ್ಯಾರೇಟರ್ ಔಟ್‌ಪುಟ್ ಅಳೆಯಿರಿ. ಹೈ 104, ಲೋ 104 ಮೈಕ್ರೋಸೆಕೆಂಡ್ ಇರಬೇಕು. ಹೈ 70, ಲೋ 138 ಕಂಡರೆ ಗೆರೆ ಮೇಲಿದೆ. ಹೈ ಅಗಲವಾಗಿದ್ದರೆ ಗೆರೆ ಕೆಳಗಿದೆ, ಅಥವಾ ಎಲ್‌ಇಡಿ ಆರಲು ತಡ ಮಾಡುತ್ತಿದೆ. ಸಿಗ್ನಲ್‌ನ ಸರಾಸರಿಯನ್ನೇ ಗೆರೆಯಾಗಿ ಕೊಡುವ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿಸಿದರೆ ಗೆರೆ ಸಿಗ್ನಲ್ ಜೊತೆ ತಾನೇ ಏರಿಳಿಯುತ್ತದೆ. ಸ್ವಲ್ಪ ಹಿಸ್ಟರೆಸಿಸ್ ಕೂಡ ಕೊಡಿ, ಅಂದರೆ ಸಿಗ್ನಲ್ ಏರುವಾಗ ಗೆರೆ ತುಸು ಮೇಲೆ, ಇಳಿಯುವಾಗ ತುಸು ಕೆಳಗೆ ಇರಲಿ. ಸರಾಸರಿ ಸರಿಯಾಗಿ ಕೂರಬೇಕಾದರೆ ಇಲ್ಲೂ ಮ್ಯಾಂಚೆಸ್ಟರ್ ಬೇಕು.

ಗೋಡೆಯಿಂದ ಪ್ರತಿಫಲಿಸಿ ಬಂದ ಬೆಳಕು ಸಿಗ್ನಲ್ ಕೆಡಿಸುತ್ತಿದೆ ಅನ್ನುವ ವಾದವನ್ನು ಇಲ್ಲೇ ಮುಗಿಸಿಬಿಡೋಣ. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ. 3 ಮೀಟರ್ ಸುತ್ತಿ ಬಂದರೂ ತಡ 10 ನ್ಯಾನೋಸೆಕೆಂಡ್. ಸೆಕೆಂಡಿಗೆ ಹತ್ತಾರು ಮೆಗಾಬಿಟ್ ದಾಟಿದವರು ಅದರ ಚಿಂತೆ ಮಾಡಲಿ.

ಸ್ವಲ್ಪ ಹೊತ್ತು ಓಡಿ ನಿಲ್ಲುವುದು

ಆನ್ ಮಾಡಿದಾಗ ಸರಿ, ಕೆಲವು ನಿಮಿಷಗಳ ಮೇಲೆ ತಪ್ಪು, ಆರಿಸಿ ತಣಿಸಿದರೆ ಮತ್ತೆ ಸರಿ. ಶಾಖದ ಕೆಲಸ. ಹೀಟ್‌ಸಿಂಕ್ ಇಲ್ಲದ ಪವರ್ ಎಲ್‌ಇಡಿ ಬಿಸಿಯಾದಂತೆ ಬೆಳಕು ಇಳಿಯುತ್ತದೆ. ಅರೆತೆರೆದ ಮಾಸ್ಫೆಟ್ ಇದ್ದರೆ ಅದೂ ಬಿಸಿಯಾಗುತ್ತದೆ. ಕರೆಂಟನ್ನು ಅರ್ಧಕ್ಕಿಳಿಸಿ ಓಡಿಸಿ ನೋಡಿ. ಆಗ ನಿಲ್ಲದೆ ಓಡಿದರೆ ಹೀಟ್‌ಸಿಂಕ್ ತನ್ನಿ.

ರೆಡಿಮೇಡ್ ಲೈಫೈ ಸಾಧನವಾದರೆ

ವಿಜ್ಞಾನಿ ಹರಾಲ್ಡ್ ಹಾಸ್ 2011ರಲ್ಲಿ ಟೆಡ್ ಭಾಷಣದ ವೇದಿಕೆಯ ಮೇಲೆ ಮೇಜಿನ ದೀಪದಿಂದ ವಿಡಿಯೋ ಹರಿಸಿ ತೋರಿಸಿದ ಮೇಲೆ ಲೈಫೈ ಅಂದರೆ ಕಾಣುವ ಬೆಳಕು ಅನ್ನುವ ಚಿತ್ರ ತಲೆಯಲ್ಲಿ ಕೂತಿದೆ. 2023ರಲ್ಲಿ ಬಂದ ಐಇಇಇ 802.11ಬಿಬಿ ಮಾನದಂಡ ಬಳಸುವುದು 800ರಿಂದ 1000 ನ್ಯಾನೋಮೀಟರ್‌ನ ಇನ್ಫ್ರಾರೆಡ್. ಹಾಗಾಗಿ ಸಾಧನದ ಪಕ್ಕದ ಬಿಳಿ ದೀಪ ಆರಿದ್ದರೂ ಲಿಂಕ್ ಇರಬಹುದು, ಉರಿಯುತ್ತಿದ್ದರೂ ಇಲ್ಲದಿರಬಹುದು. ನಿಮ್ಮದು ಯಾವ ಬಗೆ ಅಂತ ಮೊದಲು ತಿಳಿದುಕೊಳ್ಳಿ.

ಕಾಣುವ ಬೆಳಕಿನಲ್ಲಿ ಛಾವಣಿಯಿಂದ ಕೆಳಗೆ ಕಳಿಸುವ ಸಾಧನಗಳೂ ಲ್ಯಾಪ್‌ಟಾಪ್‌ನಿಂದ ಮೇಲೆ ಹೋಗುವ ದಾರಿಗೆ ಸಾಮಾನ್ಯವಾಗಿ ಇನ್ಫ್ರಾರೆಡ್ಡನ್ನೇ ಬಳಸುತ್ತವೆ, ಲ್ಯಾಪ್‌ಟಾಪ್ ಬಳಸುವವರ ಕಣ್ಣಿಗೆ ಕುಕ್ಕಬಾರದಲ್ಲ. ಹಾಗಾಗಿ ಎರಡು ದಾರಿಗಳೂ ಬೇರೆ ಬೇರೆಯಾಗಿ ಕೆಡುತ್ತವೆ. ಸಿಗ್ನಲ್ ಇದೆ ಅಂತ ತೋರಿಸುತ್ತದೆ, ಐಪಿ ವಿಳಾಸ ಮಾತ್ರ ಸಿಗುತ್ತಿಲ್ಲ ಅಂದರೆ ಮೇಲೆ ಹೋಗುವ ದಾರಿಯನ್ನು ಅನುಮಾನಿಸಿ. ವಿಳಾಸ ಕೇಳಲು ಲ್ಯಾಪ್‌ಟಾಪ್ ಮೊದಲು ಮಾತಾಡಬೇಕು, ಆ ಮಾತು ಛಾವಣಿ ಮುಟ್ಟುತ್ತಿಲ್ಲ. ಯುಎಸ್‌ಬಿ ಡಾಂಗಲ್‌ನ ಕಿಟಕಿಯನ್ನು ಲ್ಯಾಪ್‌ಟಾಪ್ ಪರದೆಯೋ ಕೈಯೋ ಮುಚ್ಚಿದೆಯೇ, ಧೂಳು ಕೂತಿದೆಯೇ ನೋಡಿ. ಆಮೇಲೆ ಮೊಬೈಲ್ ಕ್ಯಾಮೆರಾದಲ್ಲಿ ಆ ಕಿಟಕಿಯನ್ನು ನೋಡಿ, ಕೆಲಸ ಮಾಡುತ್ತಿರುವ ಇನ್ಫ್ರಾರೆಡ್ ಎಲ್‌ಇಡಿ ನೇರಳೆ ಅಥವಾ ಬಿಳಿ ಚುಕ್ಕೆಯಾಗಿ ಕಾಣಬಹುದು. ಅದಕ್ಕೂ ಮೊದಲು ಟಿವಿ ರಿಮೋಟ್ ಒತ್ತಿ ನಿಮ್ಮ ಕ್ಯಾಮೆರಾಗೆ ಇನ್ಫ್ರಾರೆಡ್ ಕಾಣುತ್ತದೆಯೇ ಖಚಿತ ಮಾಡಿಕೊಳ್ಳಿ. ಎಷ್ಟೋ ಫೋನ್‌ಗಳ ಹಿಂದಿನ ಕ್ಯಾಮೆರಾಗೆ ಕಾಣುವುದಿಲ್ಲ, ಮುಂದಿನದಕ್ಕೆ ಕಾಣುತ್ತದೆ. ಅದರಲ್ಲೂ ಚುಕ್ಕೆ ಕಾಣದಿದ್ದರೆ ಡಾಂಗಲನ್ನು ಬೇರೆ ಲ್ಯಾಪ್‌ಟಾಪ್‌ಗೆ ಚುಚ್ಚಿ ನೋಡಿ. ಅಲ್ಲಿ ಚುಕ್ಕೆ ಬಂದರೆ ಮೊದಲಿನ ಲ್ಯಾಪ್‌ಟಾಪ್‌ನಲ್ಲಿ ಡಾಂಗಲ್‌ನ ಡ್ರೈವರ್ ಸಾಫ್ಟ್‌ವೇರ್ ಮತ್ತೆ ಹಾಕಬೇಕು, ಅಲ್ಲೂ ಬರದಿದ್ದರೆ ಡಾಂಗಲನ್ನೇ ಬದಲಿಸಬೇಕು.